ನಕ್ಷೆಯಲ್ಲಿ ಕಾಣದ ಕೈಗಳು

ಮದುವೆಯಾಗಿ ಮಂಗಳೂರಿನಿಂದ ಅಮೆರಿಕದ ನ್ಯೂಜೆರ್ಸಿಗೆ ಬಂದ ನನಗೆ, ಮಗಳ ಐದನೇ ತರಗತಿಯ ಸಮಾಜ ಪಾಠ ಹೊಸತು. ಅಮೆರಿಕ ಸ್ವತಂತ್ರವಾಗುವ ಮೊದಲು ಅಲ್ಲಿದ್ದ 13 ಬ್ರಿಟಿಷ್ ವಸಾಹತುಗಳನ್ನು ನಕ್ಷೆಯಲ್ಲಿ ಗುರುತಿಸಬೇಕು. ಹೆಸರುಗಳನ್ನು ಅವಳು ಗಿಳಿಯಂತೆ ಒಪ್ಪಿಸುತ್ತಿದ್ದಳು. ಯಾವುದು ಎಲ್ಲಿದೆ ಎಂದರೆ ಮಾತ್ರ ಮೌನ.

ಇಂತಹ ಪಾಠಕ್ಕೆ ಅಡುಗೆಮನೆಯೇ ಒಳ್ಳೆಯ ಶಾಲೆ. ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಸ್ವಲ್ಪ ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ಕಲಸಿ, ದೊಡ್ಡ ತಟ್ಟೆಯಲ್ಲಿ ನಕ್ಷೆ ಮಾಡಿದೆವು. ನಮ್ಮ ಊರಲ್ಲಿ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ. ಇಲ್ಲಿ ತಿರುಗುಮುರುಗು: ಪೂರ್ವಕ್ಕೆ ಅಟ್ಲಾಂಟಿಕ್, ಪಶ್ಚಿಮಕ್ಕೆ ಅಪಲೇಶಿಯನ್ ಬೆಟ್ಟಸಾಲು. ಇಷ್ಟು ಹೇಳಿದ್ದೇ ತಡ, ಅವಳಿಗೆ ದಿಕ್ಕು ಹಿಡಿಯಿತು.

ಉತ್ತರದ ಮಸಾಚುಸೆಟ್ಸ್ ಕಡೆ ಕಲ್ಲು ನೆಲ, ದೀರ್ಘ ಚಳಿಗಾಲ. ಜನ ಮೀನುಗಾರಿಕೆ, ಹಡಗು ಕಟ್ಟುವ ಕೆಲಸಕ್ಕೆ ಇಳಿದರು. ಅಲ್ಲಿ ಸಣ್ಣ ಕಲ್ಲುಗಳನ್ನಿಟ್ಟೆವು. ನಡುವಿನ ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಗಳಿಗೆ ಗೋಧಿ ಕಾಳು. ಮೇರಿಲ್ಯಾಂಡ್, ವರ್ಜೀನಿಯಾದಲ್ಲಿ ಹೊಗೆಸೊಪ್ಪು ಬೆಳೆಯುತ್ತಿತ್ತು, ಅಲ್ಲಿಗೆ ಚಹಾಪುಡಿ. ದಕ್ಷಿಣ ಕೆರೊಲಿನಾದ ಜವುಗು ನೆಲಕ್ಕೆ ಅಕ್ಕಿ.

ಅಕ್ಕಿ ಹರಡುತ್ತಾ ಅವಳು ಕೇಳಿದಳು: "ಉಮ್ಮಾ, ಈ ಗದ್ದೆಗಳಲ್ಲಿ ದುಡಿದವರು ಯಾರು?"

ಉತ್ತರ ಕಹಿ. 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ಇಂಗ್ಲಿಷರು ನೆಲೆಯೂರಿದರು. 1619ರಲ್ಲೇ ಸೆರೆಹಿಡಿದ ಆಫ್ರಿಕನ್ನರನ್ನು ಅಲ್ಲಿಗೆ ತಂದರು. ನಾವಿರುವ ನ್ಯೂಜೆರ್ಸಿಯಲ್ಲೂ ಗುಲಾಮರಿದ್ದರು; ಅದಕ್ಕೂ ಮೊದಲು ಇದು ಲೆನಾಪೆ ಜನರ ನಾಡಾಗಿತ್ತು.

ಅವರಲ್ಲಿ ನಮ್ಮಂತೆ ಕುರ್‌ಆನ್ ಓದುತ್ತಿದ್ದವರೂ ಇದ್ದರು. ಪಶ್ಚಿಮ ಆಫ್ರಿಕಾದ ಅಯ್ಯೂಬಾ ಸುಲೈಮಾನ್ ದಿಯಾಲೊ 1730ರ ದಶಕದ ಆರಂಭದಲ್ಲಿ ಮೇರಿಲ್ಯಾಂಡ್‌ನಲ್ಲಿ ಗುಲಾಮರಾಗಿದ್ದರು. ತಂದೆಗೆ ಅವರು ಅರಬಿಯಲ್ಲಿ ಬರೆದ ಪತ್ರ, ಜಾರ್ಜಿಯಾ ವಸಾಹತನ್ನು ಸ್ಥಾಪಿಸಿದ ಜೇಮ್ಸ್ ಓಗಲ್‌ಥೋರ್ಪ್‌ರ ಕೈಸೇರಿ ಬಿಡುಗಡೆಗೆ ದಾರಿಯಾಯಿತು. 1734ರಲ್ಲಿ ಅವರು ಆಫ್ರಿಕಾಕ್ಕೆ ಮರಳಿದರು. ಸಾವಿರಾರು ಮಂದಿಗೆ ಆ ಭಾಗ್ಯ ಸಿಗಲಿಲ್ಲ.

ಮಗಳು ಆಮೇಲೆ ಮೇರಿಲ್ಯಾಂಡನ್ನು ಮರೆತದ್ದೇ ಇಲ್ಲ.

ಮಕ್ಕಳಿಗೆ ನಕ್ಷೆ ಕಲಿಸುವ ತಾಯಂದಿರಲ್ಲಿ ನನ್ನದೊಂದು ಮನವಿ. ಊರಿನ ಹೆಸರು ಕೇಳಿ ಸುಮ್ಮನಾಗಬೇಡಿ. ಅಲ್ಲಿನ ಮಣ್ಣು ಎಂತಹದು, ಏನು ಬೆಳೆಯಿತು, ಯಾರ ಬೆವರಿನಿಂದ ಬೆಳೆಯಿತು ಎಂದೂ ಕೇಳಿ. ಪರೀಕ್ಷೆಗೆ ಮೊದಲೆರಡು ಸಾಕಾಗಬಹುದು. ಮಕ್ಕಳು ಮನುಷ್ಯರಾಗಿ ಬೆಳೆಯಲು ಮೂರನೆಯದೂ ಬೇಕು.