ಕೈ ಎತ್ತದ ಗೆಲಾಕ್ಸಿಗಳು

"ಅರ್ಥವಾಯಿತೇ?" ಪಾಠ ಮುಗಿದೊಡನೆ ನಾನು ಕೇಳುತ್ತಿದ್ದ ಮಾತು. ಮುಂದಿನ ಬೆಂಚುಗಳಿಂದ "ಆಯ್ತು ಸಾರ್" ಎಂಬ ಕೂಗು ಏಳುತ್ತಿತ್ತು. ಅದೇ ಇಡೀ ತರಗತಿಯ ಉತ್ತರವೆಂದು ನಂಬಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಒಂದು ವರ್ಷ ಕೊನೆಯ ಬೆಂಚಿನ ಹುಡುಗನೊಬ್ಬ ವಿಜ್ಞಾನದಲ್ಲಿ ನಪಾಸಾದ. "ಅವನಿಗೆ ಬೋರ್ಡೇ ಕಾಣುತ್ತಿರಲಿಲ್ಲವಂತೆ ಮೇಷ್ಟ್ರೇ" ಎಂದರು ಅವನ ತಂದೆ. ಅವನು ಒಂದು ದಿನವೂ ಕೈ ಎತ್ತಿರಲಿಲ್ಲ. ನಾನೂ ಹತ್ತಿರ ಹೋಗಿ ಕೇಳಿರಲಿಲ್ಲ.

ಆಕಾಶದಲ್ಲಿ ಗೆಲಾಕ್ಸಿಗಳನ್ನು ಎಣಿಸುವ ವಿಜ್ಞಾನಿಗಳಿಗೂ ಇದೇ ತಪ್ಪಿನ ಭಯ. ಪ್ರಖರ ಗೆಲಾಕ್ಸಿ ಬಲು ದೂರದಿಂದಲೂ ಕಾಣುತ್ತದೆ. ಮಂಕಾದುದು ಹತ್ತಿರವಿದ್ದರೆ ಮಾತ್ರ. ಬೆಳಕು ನೂರನೇ ಒಂದು ಪಾಲಾದರೆ ಕಾಣುವ ದೂರ ಹತ್ತನೇ ಒಂದು ಪಾಲು. ನಮ್ಮ ಕಣ್ಣಿಗೆ ನಿಲುಕುವ ಜಾಗದ ಗಾತ್ರ ಸಾವಿರದಲ್ಲಿ ಒಂದೇ ಪಾಲು! ಕಂಡದ್ದನ್ನಷ್ಟೇ ಪಟ್ಟಿ ಮಾಡಿದರೆ ವಿಶ್ವದ ತುಂಬ ಪ್ರಖರ ಗೆಲಾಕ್ಸಿಗಳೇ ಎನಿಸುತ್ತದೆ. ವಾಸ್ತವದಲ್ಲಿ ಮಂಕಾದವೇ ಹೆಚ್ಚು. ಸ್ವೀಡನ್ನಿನ ಗುನ್ನಾರ್ ಮಾಲ್ಮ್‌ಕ್ವಿಸ್ಟ್ 1920ರ ದಶಕದಲ್ಲೇ ನಕ್ಷತ್ರಗಳ ವಿಷಯದಲ್ಲಿ ಈ ದೋಷವನ್ನು ಲೆಕ್ಕ ಹಾಕಿ ತೋರಿಸಿದ.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 2.5 ಮೀಟರ್ ದೂರದರ್ಶಕದಿಂದ 2000ದಲ್ಲಿ ಆರಂಭವಾದ ಸ್ಲೋನ್ ಸಮೀಕ್ಷೆ ಲಕ್ಷಾಂತರ ಗೆಲಾಕ್ಸಿಗಳನ್ನು ಪಟ್ಟಿ ಮಾಡಿತು. ಅಂಥ ಪಟ್ಟಿಯನ್ನು ವಿಜ್ಞಾನಿಗಳು ಹಾಗೆಯೇ ಎಣಿಸುವುದಿಲ್ಲ. ಮೊದಲು ಒಂದು ದೂರಕ್ಕೆ ಗೆರೆ ಎಳೆಯುತ್ತಾರೆ. ಗೆರೆಯ ಅಂಚಿನಲ್ಲಿದ್ದರೂ ಕಾಣುವಷ್ಟು ಬೆಳಕುಳ್ಳವನ್ನು ಮಾತ್ರ ಎಣಿಸಿ, ಗೆರೆಯಾಚೆ ಎಷ್ಟೇ ಪ್ರಖರವಾದದ್ದಿದ್ದರೂ ಕೈಬಿಡುತ್ತಾರೆ. ಮಂಕಾದವನ್ನು ಎಣಿಸಬೇಕಾದರೆ ಗೆರೆಯನ್ನು ಇನ್ನೂ ಹತ್ತಿರಕ್ಕೆ ತರುತ್ತಾರೆ.

ಇಷ್ಟಾದರೂ ಕೆಲವು ತಪ್ಪಿಸಿಕೊಳ್ಳುತ್ತವೆ. 1986ರಲ್ಲಿ ಪತ್ತೆಯಾದ ಮಾಲಿನ್-1 ನಮಗೆ ತಿಳಿದಿರುವ ಅತಿ ದೊಡ್ಡ ಸುರುಳಿ ಗೆಲಾಕ್ಸಿಗಳಲ್ಲೊಂದು. ಬೆಳಕು ತೀರ ತೆಳುವಾಗಿ ಹರಡಿದ್ದರಿಂದ ಅಲ್ಲಿಯವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ. ಮಂಕಾಗಿ ಕಂಡದ್ದೆಲ್ಲ ಸಣ್ಣದಲ್ಲ.

"ಅರ್ಥವಾಯಿತೇ" ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಹಾಜರಿ ಪುಸ್ತಕದ ಕ್ರಮದಲ್ಲಿ ಹೆಸರು ಕರೆದು, ಬೆಂಚಿನ ಪಕ್ಕಕ್ಕೇ ಹೋಗಿ ಪ್ರಶ್ನೆ ಕೇಳುತ್ತೇನೆ. ಪಾಠ ನಿಧಾನವಾಗುತ್ತದೆ, ಆಗಲಿ. ಆ ಹುಡುಗ ಕನ್ನಡಕ ಹಾಕಿಕೊಂಡು ಮರುಪರೀಕ್ಷೆಯಲ್ಲಿ ಪಾಸಾದ. ಆದರೆ ಅವನು ಕಳೆದುಕೊಂಡ ಆ ವರ್ಷದ ಪಾಠಗಳ ಲೆಕ್ಕ ನನ್ನ ಮೇಲಿದೆ.

ಪಾಲಕರೇ, ನಿಮ್ಮ ಮಗು ತರಗತಿಯಲ್ಲಿ ಸದಾ ಮೌನವೇ? ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ. ಮೇಷ್ಟ್ರ ಕಿವಿಗೂ ಒಂದು ಮಾತು ಹಾಕಿ.