ಕೆಳಗೆ ಬೆಂಕಿ, ಮೇಲೆ ಹುಲಿ! ಊಟಿ ಬಂಗಲೆಗಳ ಒಂದು ಗೋಡೆಯ ಕಥೆ

ಸಿನಿಮಾದಲ್ಲಿ ಈ ಗೋಡೆಯನ್ನು ನೀವು ನೂರು ಸಲ ನೋಡಿದ್ದೀರಿ. ಎಸ್ಟೇಟ್ ಸಾಹುಕಾರನ ಬಂಗಲೆ. ಒಂದು ಕಡೆ ಸುತ್ತಿ ಏರುವ ಮೆಟ್ಟಿಲು, ಇನ್ನೊಂದು ಕಡೆ ಪಿಯಾನೋ, ನಟ್ಟನಡುವೆ ಧಗಧಗ ಉರಿಯುವ ಅಗ್ಗಿಷ್ಟಿಕೆ. ಅದರ ಮೇಲೆ ಬಾಯಿ ತೆರೆದ ಹುಲಿಯ ತಲೆ, ಪಕ್ಕದಲ್ಲಿ ಜೋಡಿ ಬಂದೂಕು. ರೇಷ್ಮೆ ಗೌನು ತೊಟ್ಟ ಸಾಹುಕಾರ ಪೈಪ್ ಸೇದುತ್ತ ಬೆಂಕಿಗೆ ಬೆನ್ನು ಕೊಟ್ಟು ನಿಂತಿದ್ದಾನೆ. ಬಡ ಹೀರೋ ಬಾಗಿಲಲ್ಲಿ. ‘ನಿನ್ನ ಯೋಗ್ಯತೆ ಏನಯ್ಯಾ?’ ಅಂತ ಸಾಹುಕಾರ ಇನ್ನೂ ಬಾಯಿ ಬಿಟ್ಟಿಲ್ಲ. ಆ ಗೋಡೆ ಆಗಲೇ ಕೇಳಿ ಮುಗಿಸಿದೆ!

ಕನ್ನಡ ಚಿತ್ರಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಇಂಥ ಗೋಡೆ ಅಂದರೆ ಪ್ಲೈವುಡ್ಡು, ಪ್ಲಾಸ್ಟರು, ಒಂದಿಷ್ಟು ಬಣ್ಣ. ಸೆಟ್ಟಿನ ಬೆಂಕಿಯೂ ಹಾಗೇ. ಕೆಂಪು ಹಳದಿ ಜಿಲೆಟಿನ್ ಕಾಗದ ಕಟ್ಟಿದ ದೀಪ, ಕೆಳಗೊಂದು ಫ್ಯಾನು, ಆ ಗಾಳಿಗೆ ಕುಣಿಯುವ ರೇಷ್ಮೆ ಚೂರು. ಹೊರಗೆ ಮದ್ರಾಸಿನ ಸೆಖೆ, ಒಳಗೆ ಸ್ವೆಟರ್ ತೊಟ್ಟ ಹೀರೋ. ಬೆವರು ಒರೆಸಿಕೊಂಡು ‘ಅಬ್ಬಾ, ಏನು ಚಳಿ!’ ಅನ್ನಬೇಕು. ಪಾಪ!

ಅಸಲಿ ಗೋಡೆ ನೋಡಬೇಕು ಅಂದ್ರೆ ಮೈಸೂರಿನಲ್ಲಿ ಊಟಿ ಬಸ್ಸು ಹತ್ತಬೇಕು.

ಘಾಟಿ ಹತ್ತಿ ಬನ್ನಿ

ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹೊಕ್ಕರೆ ಆಚೆಗೆ ಮುದುಮಲೆ. ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಗೂಡಲೂರಿನ ಮೇಲೆ ಹೋದರೆ ಸುತ್ತು. ಮಸಿನಗುಡಿ ಕಡೆಯಿಂದ ಹತ್ತಿರ, ಆದರೆ ಕಲ್ಲಟ್ಟಿ ಘಾಟಿಯಲ್ಲಿ ೩೬ ಹೇರ್‌ಪಿನ್ ತಿರುವು. ಹೊಟ್ಟೆ ಗಟ್ಟಿ ಇದ್ದವರಿಗೆ ಮಾತ್ರ! ಘಾಟಿ ಹತ್ತುತ್ತ ಹತ್ತುತ್ತ ಕಿಟಕಿಯ ಗಾಳಿ ಕಿವಿ ಕಚ್ಚಲು ಶುರುವಾಗುತ್ತದೆ. ಊಟಿ ಇರುವುದು ಸಮುದ್ರ ಮಟ್ಟದಿಂದ ಸುಮಾರು ೨,೨೪೦ ಮೀಟರ್ ಎತ್ತರದಲ್ಲಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಹುಲ್ಲಿನ ಮೇಲೆ ಬಿಳಿಯ ಹಿಮ ಕೂತಿರುತ್ತದೆ. ಇಲ್ಲಿ ಅಗ್ಗಿಷ್ಟಿಕೆ ಶೋಕಿಯಲ್ಲ ಸ್ವಾಮಿ, ಅಗತ್ಯ.

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ೧೮೨೨ರಲ್ಲಿ ಇಲ್ಲಿ ಕಲ್ಲಿನ ಮನೆ ಕಟ್ಟಲು ತೊಡಗಿದ. ಅದೇ ಸ್ಟೋನ್ ಹೌಸ್. ಊರವರ ಬಾಯಲ್ಲಿ ‘ಕಲ್ ಬಂಗ್ಲಾ’. ಈಗ ಅದು ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಅಲ್ಲಿಂದ ಶುರು. ಮದ್ರಾಸಿನ ಸೆಖೆ ತಾಳಲಾರದ ದೊರೆಗಳು ಬೇಸಿಗೆಗೆ ಸರ್ಕಾರವನ್ನೇ ಗಂಟು ಕಟ್ಟಿಕೊಂಡು ಇಲ್ಲಿಗೆ ಬರತೊಡಗಿದರು. ಹಿಂದೆಯೇ ರಾಜ ಮಹಾರಾಜರು. ಮೈಸೂರು ಅರಸರ ಕೈಗೆ ಫರ್ನ್‌ಹಿಲ್ಸ್ ಬಂದದ್ದು ೧೮೭೦ರ ದಶಕದಲ್ಲಿ. ಅದೇ ಅವರ ಬೇಸಿಗೆ ಅರಮನೆಯಾಯಿತು. ಹೀಗೆ ಬಂದವರೆಲ್ಲ ಕಟ್ಟಿದ್ದು ಇಂಗ್ಲೆಂಡಿನ ನಮೂನೆಯ ಮನೆ. ಆ ಮನೆಯ ಮುಖವೇ ಅಗ್ಗಿಷ್ಟಿಕೆಯ ಗೋಡೆ. ನಮ್ಮ ಮನೆಗಳಲ್ಲಿ ದೇವರ ಗೂಡಿನ ಗೋಡೆಗೆ ಇರುವ ಮರ್ಯಾದೆ ಅವರಲ್ಲಿ ಈ ಗೋಡೆಗೆ. ಕುರ್ಚಿ, ಸೋಫಾ, ನಾಯಿ ಎಲ್ಲದರ ಮುಖವೂ ಆ ಕಡೆಗೇ.

ಯಜಮಾನರು ಬೀಗ ತೆಗೆದರು

ಊರ ಹೊರಗಿನ ಒಂದು ಹಳೇ ಬಂಗಲೆಯ ಕಾವಲುಗಾರರು ಬಡಗ ಸಮುದಾಯದ ಹಿರಿಯರು. ಅವರ ಮನೆಮಾತು ನಮ್ಮ ಕಿವಿಗೆ ಅರ್ಧಕ್ಕರ್ಧ ಕನ್ನಡವೇ. “ಮೈಸೂರು ಕಡೆಯವರಾ? ಬನ್ನಿ ಸಾರ್” ಅಂತ ಹಾಲಿನ ಬೀಗ ತೆಗೆದರು.

ನೆಲಕ್ಕೆ ಕಲ್ಲಿನ ಚಪ್ಪಡಿ. ಕಬ್ಬಿಣದ ಜಾಲರಿ. ಬೆಂಕಿಗೂಡಿನ ಎರಡೂ ಕಡೆ ಹೂಬಳ್ಳಿಯ ಟೈಲ್ಸು. ಮೇಲೆ ತೇಗದ ಹಲಗೆ, ಇಂಗ್ಲಿಷಿನವರು ಮ್ಯಾಂಟೆಲ್ ಅನ್ನುತ್ತಾರಲ್ಲ, ಅದು. ಹಲಗೆಯ ನಡುವೆ ನಿಂತುಹೋದ ಗಡಿಯಾರ, ಅತ್ತಿತ್ತ ಹಿತ್ತಾಳೆಯ ದೀಪದ ಕಂಬ, ಹಿಂದೆ ಆಳೆತ್ತರದ ಕನ್ನಡಿ.

ಇದೆಲ್ಲ ಬರೀ ಅಂದಕ್ಕೆ ಇಟ್ಟದ್ದು ಅಂದುಕೊಳ್ಳಬೇಡಿ. ಕರೆಂಟು ಇಲ್ಲದ ಕಾಲ. ಮೇಣದ ಬತ್ತಿಯ ಹಿಂದೆ ಕನ್ನಡಿ ಇಟ್ಟರೆ ಬೆಳಕು ಎರಡರಷ್ಟು. ಎಲ್ಲರೂ ಕೂರುವುದು ಇದೇ ಗೋಡೆಗೆ ಮುಖ ಮಾಡಿ, ಆದ್ದರಿಂದ ಗಡಿಯಾರ ಇಲ್ಲಿ. ಟೈಲ್ಸಿಗೆ ಬೆಂಕಿ ತಾಗಿದರೂ ಸುಡುವುದಿಲ್ಲ, ಮಸಿ ಹಿಡಿದರೆ ಒರೆಸಿದರೆ ಹೋಯಿತು. ಗೋಡೆಯ ಅಲಂಕಾರದ ಹಿಂದೆ ಒಂದೊಂದು ಕೆಲಸ ಇತ್ತು.

ಕೆಲಸ ಇಲ್ಲದ್ದು ಒಂದೇ. ಕನ್ನಡಿಯ ಮೇಲಿನ ಹುಲಿ.

ಒಂದು ಕಿವಿಯನ್ನು ನುಸಿ ತಿಂದಿದೆ. ಗಾಜಿನ ಕಣ್ಣು ಮಾತ್ರ ಇನ್ನೂ ನಿಮ್ಮನ್ನೇ ನೋಡುತ್ತದೆ. ಎದುರು ನಿಂತರೆ ಇವತ್ತಿಗೂ ಎದೆ ಒಂದು ಸಲ ಧಸಕ್ಕೆನ್ನುತ್ತದೆ.

“ಬೇಡ ಅನ್ನಿಸಿದ್ರೆ ಮಾರಬಾರದಾ ಯಜಮಾನ್ರೇ?”

“ಹಂಗೆಲ್ಲ ಮಾರಂಗಿಲ್ಲ ಸಾರ್. ಸುಡಂಗೂ ಇಲ್ಲ. ಸರ್ಟಿಫಿಕೇಟ್ ಐತೆ. ಧಣಿ ಸತ್ರು, ಅವರ ಮಕ್ಕಳು ಪಟ್ಣ ಸೇರಿದ್ರು. ಇದು ಇಲ್ಲೇ ಐತೆ. ನಾನೇ ಧೂಳು ಒರೆಸ್ತೀನಿ.”

ಹುಲಿಯ ತವರು ಮೈಸೂರು!

ಇಂಥ ತಲೆಗಳು ಎಲ್ಲಿ ತಯಾರಾದವು ಗೊತ್ತೇ? ಬಹುಪಾಲು ನಮ್ಮ ಮೈಸೂರಿನಲ್ಲೇ! ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್ ಅನ್ನುವ ಕಂಪನಿ. ಇಪ್ಪತ್ತನೇ ಶತಮಾನದ ಆರಂಭದಿಂದ ೧೯೯೯ರವರೆಗೆ ನಡೆಯಿತು. ಸತ್ತ ಪ್ರಾಣಿಯ ಚರ್ಮ ಹದ ಮಾಡಿ, ಒಳಗೆ ಅಚ್ಚು ಕೂರಿಸಿ, ಗಾಜಿನ ಕಣ್ಣಿಟ್ಟು, ಜೀವ ಇದ್ದ ಹಾಗೆ ನಿಲ್ಲಿಸುವುದರಲ್ಲಿ ದೇಶ ವಿದೇಶದಲ್ಲಿ ಹೆಸರಾಗಿತ್ತು. ಅವರ ಕೈಯಲ್ಲಿ ಹಾದುಹೋದ ಹುಲಿ ಚಿರತೆಗಳ ಲೆಕ್ಕ ೪೦,೦೦೦ಕ್ಕೂ ಹೆಚ್ಚು. ಇನ್ನೊಮ್ಮೆ ಓದಿ. ನಲವತ್ತು ಸಾವಿರ! ಇವತ್ತು ಇಡೀ ದೇಶದ ಕಾಡುಗಳಲ್ಲಿ ಉಳಿದಿರುವ ಹುಲಿ ನಾಲ್ಕು ಸಾವಿರದ ಆಸುಪಾಸು.

೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಹುಲಿ ಬೇಟೆಗೆ ಬೀಗ ಬಿತ್ತು. ಹಳೇ ತಲೆ, ಚರ್ಮ ಮನೆಯಲ್ಲಿಟ್ಟುಕೊಳ್ಳಲಿಕ್ಕೂ ಅರಣ್ಯ ಇಲಾಖೆಯ ಪ್ರಮಾಣಪತ್ರ ಬೇಕು. ಮಾರಾಟ ಅಂತೂ ಇಲ್ಲವೇ ಇಲ್ಲ. ಮುಂದಿನ ವರ್ಷ ೧೯೭೩ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಒಂದು ಕಾಲಕ್ಕೆ ಅರಸರು ಬೇಟೆಯಾಡಿದ ಕಾಡು ಅದು! ನೀವು ಬಸ್ಸಿನಲ್ಲಿ ದಾಟಿ ಬಂದದ್ದೂ ಅದನ್ನೇ. ಹಾಗಾಗಿ ಯಾರಾದರೂ ‘ಹಳೇ ಬಂಗಲೆ ಮಾಲು, ಜಿಂಕೆ ಕೊಂಬು ಇದೆ, ಗೋಡೆಗೆ ಬಲು ಜೋರಾಗಿರುತ್ತೆ’ ಅಂತ ಪಿಸುಗುಟ್ಟಿದರೆ ಜೇಬಿಗೆ ಕೈ ಹಾಕಬೇಡಿ. ಕೊಂಬು ಗೋಡೆಗೆ ಏರುವ ಮೊದಲು ನೀವು ಪೊಲೀಸ್ ಜೀಪು ಏರಬೇಕಾದೀತು.

ಬೆಂಕಿ ತಿಂದ ಬೆಟ್ಟ

ಗೋಡೆ ಹುಲಿಯನ್ನು ತಿಂದರೆ ಗೋಡೆಯ ಕೆಳಗಿನ ಬೆಂಕಿ ಬೆಟ್ಟವನ್ನೇ ತಿಂದಿತು. ಇಲ್ಲಿಯ ಕಣಿವೆಗಳಲ್ಲಿ ಶೋಲಾ ಅನ್ನುವ ಕುಳ್ಳ ಮರಗಳ ದಟ್ಟ ಕಾಡು, ಮೇಲೆ ಬಯಲು ಹುಲ್ಲು. ಬಂಗಲೆ ಹೆಚ್ಚಿದ ಹಾಗೆ ಸೌದೆ ಸಾಲದಾಯಿತು. ನಿಧಾನವಾಗಿ ಬೆಳೆಯುವ ಶೋಲಾ ಮರ ಕಡಿದರೆ ಮತ್ತೆ ಬೇಗ ಬರುವುದಿಲ್ಲ. ಆಗ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಆಸ್ಟ್ರೇಲಿಯಾದಿಂದ ತಂದು ನೆಟ್ಟದ್ದು ಯೂಕಲಿಪ್ಟಸ್. ಬೇಗ ಬೆಳೆಯುತ್ತದೆ, ಚೆನ್ನಾಗಿ ಉರಿಯುತ್ತದೆ. ಹುಲ್ಲುಗಾವಲು ಹೋಗಿ ತೋಪಾಯಿತು.

ತಮಾಷೆ ನೋಡಿ. ಆಸ್ಟ್ರೇಲಿಯಾದ ಮರಕ್ಕೆ ಕನ್ನಡದಲ್ಲಿ ನಾವು ಇಟ್ಟ ಹೆಸರೇ ‘ನೀಲಗಿರಿ ಮರ’! ನೆಗಡಿಗೆ ಅಮ್ಮ ಹಚ್ಚುವ ನೀಲಗಿರಿ ಎಣ್ಣೆಯ ಹಿಂದೆ ದೊರೆಗಳ ಅಗ್ಗಿಷ್ಟಿಕೆ ಇದೆ. ಈಗ ಪರದೇಶಿ ಮರ ತೆಗೆದು ಶೋಲಾ, ಹುಲ್ಲು ಮತ್ತೆ ಬೆಳೆಸುವ ಪ್ರಯತ್ನ ಅಲ್ಲಲ್ಲಿ ನಡೆಯುತ್ತಿದೆ. ಕೋಣೆ ಬೆಚ್ಚಗೆ ಮಾಡಲು ನೂರು ವರ್ಷ ಕಡಿದದ್ದನ್ನು ಬೆಳೆಸಲು ಎಷ್ಟು ವರ್ಷ ಬೇಕೋ!

ಹಾಲಿವುಡ್ ಹೇಳಿದ ಗುಟ್ಟು

ಹಾಗಾದರೆ ಹುಲಿ ಇಳಿಸಿದ ಜಾಗದಲ್ಲಿ ಏನು ಹಾಕಬೇಕು? ಇದಕ್ಕೆ ಸಿನಿಮಾದವರೇ ಉತ್ತರ ಕೊಟ್ಟಿದ್ದಾರೆ.

೧೯೪೪ರ ‘ಲಾರಾ’ ಅನ್ನುವ ಹಾಲಿವುಡ್ ಚಿತ್ರ. ಸತ್ತಳು ಅಂತ ಎಲ್ಲರೂ ನಂಬಿದ ಹುಡುಗಿಯ ಮನೆ. ಅಗ್ಗಿಷ್ಟಿಕೆಯ ಮೇಲೆ ಅವಳ ಒಂದೇ ಒಂದು ಚಿತ್ರಪಟ. ಕೊಲೆ ಕೇಸು ಹಿಡಿದು ಬಂದ ಪತ್ತೇದಾರ ಅದನ್ನೇ ನೋಡುತ್ತ ನೋಡುತ್ತ ಸತ್ತವಳನ್ನು ಪ್ರೀತಿಸಿಬಿಡುತ್ತಾನೆ. ಚಿತ್ರದ ಎದುರೇ ಕುರ್ಚಿಯಲ್ಲಿ ನಿದ್ದೆ ಹೋಗುತ್ತಾನೆ. ಬಾಗಿಲು ತೆರೆಯುತ್ತದೆ... ಮುಂದಿನದನ್ನು ನಾನು ಹೇಳುವುದಿಲ್ಲ, ನೋಡಿಕೊಳ್ಳಿ!

ಅದಕ್ಕೆ ಮೂರು ವರ್ಷ ಮೊದಲಿನ ‘ಸಿಟಿಜನ್ ಕೇನ್’ ಇನ್ನೊಂದು ತುದಿ. ಕೋಟ್ಯಧಿಪತಿ ಕೇನ್‌ನ ಅರಮನೆಯ ಬೆಂಕಿಗೂಡಿನೊಳಗೆ ಆಳು ನಿಲ್ಲಬಹುದು, ಅಷ್ಟು ದೊಡ್ಡದು. ಸುತ್ತ ದೇಶದೇಶದಿಂದ ಕೊಂಡು ತಂದ ಮೂರ್ತಿಗಳು. ಅದರ ಮುಂದೆ ಕೇನ್ ಇರುವೆಯಷ್ಟು ಕಾಣುತ್ತಾನೆ. ಹೆಂಡತಿ ಒಬ್ಬಳೇ ಕೂತು ಚಿತ್ರದ ಚೂರು ಜೋಡಿಸುತ್ತಾಳೆ. ಅಷ್ಟು ದೊಡ್ಡ ಬೆಂಕಿ, ಆದರೆ ಮನೆಯಲ್ಲಿ ಬಿಸಿಯೇ ಇಲ್ಲ!

ಒಂದು ಗೋಡೆಯಲ್ಲಿ ಒಂದೇ ವಸ್ತು, ಆದರೆ ಅದರಲ್ಲಿ ಜೀವ ಇದೆ. ಇನ್ನೊಂದರಲ್ಲಿ ಎಲ್ಲವೂ ಇದೆ, ಜೀವ ಮಾತ್ರ ಇಲ್ಲ. ಗೋಡೆ ಸಿಂಗರಿಸುವ ಗುಟ್ಟು ಇಷ್ಟೇ ಮಾರಾಯ್ರೇ.

ನಿಮ್ಮ ಗೋಡೆಗೆ ನಾಲ್ಕು ಮಾತು

ಕೊಡಗು, ಚಿಕ್ಕಮಗಳೂರು ಕಡೆ ಹೋಂಸ್ಟೇ ಕಟ್ಟುವವರು ಈಗ ಅಗ್ಗಿಷ್ಟಿಕೆ ಇಡುವುದುಂಟು. ನಾಳೆ ನೀವೂ ಕಟ್ಟಬಹುದು, ಯಾರು ಕಂಡರು?

ಒಂದು: ಹಲಗೆಯ ಮೇಲೆ ಒಂದೇ ದೊಡ್ಡ ವಸ್ತು. ಚಿತ್ರವೋ ಕನ್ನಡಿಯೋ, ಅಗಲ ಹಲಗೆಯ ಮೂರರಲ್ಲಿ ಎರಡು ಪಾಲು ಇದ್ದರೆ ಕಣ್ಣಿಗೆ ಹಿತ. ಹಲಗೆಗೂ ಅದಕ್ಕೂ ನಾಲ್ಕೈದು ಅಂಗುಲ ಬಿಡಿ. ಪಕ್ಕದಲ್ಲಿ ಎರಡು ಮೂರು ಸಣ್ಣ ಸಾಮಾನು ಸಾಕು. ಅಜ್ಜಿಯ ಹಿತ್ತಾಳೆ ಚೊಂಬು, ಚನ್ನಪಟ್ಟಣದ ಬೊಂಬೆ... ಹುಲಿಗಿಂತ ಯಾವುದರಲ್ಲಿ ಕಮ್ಮಿ?

ಎರಡು: ಬೆಂಕಿಯ ಬಾಯಿಯ ಸುತ್ತ ಆರು ಅಂಗುಲದೊಳಗೆ ಮರ ಬರಕೂಡದು. ಅಲ್ಲಿ ಕಲ್ಲು, ಇಟ್ಟಿಗೆ, ಟೈಲ್ಸು. ಮುಂದಕ್ಕೆ ಚಾಚಿದ ಮರದ ಹಲಗೆ ಬಾಯಿಂದ ಒಂದು ಅಡಿಯಾದರೂ ಮೇಲಿರಲಿ. ಕಾಗದದ ಹೂ, ಪ್ಲಾಸ್ಟಿಕ್ ತೋರಣ ಹತ್ತಿರ ಬೇಡ.

ಮೂರು: ಟಿವಿಯನ್ನು ಅಗ್ಗಿಷ್ಟಿಕೆಯ ಮೇಲೆ ತೂಗುಹಾಕುವ ಚಾಳಿ ಬಂದಿದೆ. ಬಾಲ್ಕನಿಯಲ್ಲಿ ಕೂತರೆ ಸಿನಿಮಾ ಚೆಂದ, ಗಾಂಧಿ ಕ್ಲಾಸಿನ ಮೊದಲ ಸಾಲಿನಲ್ಲಿ ಕೂತರೆ ಕುತ್ತಿಗೆ ನೋವು. ಇದೂ ಹಾಗೇ! ಮೇಲಾಗಿ ಬಿಸಿ ಬೇರೆ. ಬೆಂಕಿ ಹಚ್ಚಿ ಒಂದು ಗಂಟೆ ಬಿಟ್ಟು ಗೋಡೆಗೆ ಅಂಗೈ ಇಟ್ಟು ನೋಡಿ. ಅಂಗೈಗೆ ತಾಳದ ಜಾಗ ಟಿವಿಗೂ ಬೇಡ, ಅಪ್ಪನ ಫೋಟೋಗೂ ಬೇಡ.

ನಾಲ್ಕು: ಬೇಸಿಗೆಯಲ್ಲಿ ಬೆಂಕಿಗೂಡು ಕಪ್ಪು ಬಾಯಿ ಬಿಟ್ಟುಕೊಂಡು ಬಿಕೋ ಅನ್ನುತ್ತದೆ. ಮಡಕೆಯಲ್ಲಿ ಜರೀಗಿಡವನ್ನೋ ಚೆನ್ನಾಗಿ ಜೋಡಿಸಿದ ಒಣ ಸೌದೆಯನ್ನೋ ಇಡಿ. ಮುಗೀತು, ಸೆಟ್ ರೆಡಿ!

ಹೋಗುವವರಿಗೆ ಒಂದು ಕಿವಿಮಾತು

ಊಟಿಗೆ ಗೆಳೆಯರ ಗುಂಪು ಕಟ್ಟಿಕೊಂಡು ಹೋಗುವವರೇ, ಈ ಮಾತು ತಮಾಷೆಯಲ್ಲ. ಕಾಟೇಜಿನಲ್ಲಿ ಚಳಿ ಅಂತ ಕಿಟಕಿ ಬಾಗಿಲು ಭದ್ರ ಮಾಡಿ, ಇದ್ದಿಲ ಒಲೆ ಹೊತ್ತಿಸಿ ಮಲಗಿದವರು ಬೆಳಿಗ್ಗೆ ಏಳದೇ ಹೋದ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅರೆಬರೆ ಉರಿದ ಇದ್ದಿಲಿನಿಂದ, ಸೌದೆಯಿಂದ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲೇ ಮುಗಿಸುತ್ತದೆ. ಅಗ್ಗಿಷ್ಟಿಕೆಗೆ ಚಿಮಣಿ ಇರುವುದು ಅದಕ್ಕೇ. ಚಿಮಣಿಯಲ್ಲಿ ಹಕ್ಕಿ ಗೂಡು ಕಟ್ಟಿದೆಯೋ, ಹೊಗೆ ಮೇಲೆ ಹೋಗುತ್ತದೋ ಅಂತ ಮೊದಲು ಕೇಳಿ. ಕಿಟಕಿ ಒಂದಿಷ್ಟು ತೆರೆದಿರಲಿ. ಮಲಗುವ ಮೊದಲು ಬೆಂಕಿ ಪೂರ್ತಿ ಆರಿಸಿ. ಚಿಮಣಿ ಇಲ್ಲದ ಕೋಣೆಗೆ ಇದ್ದಿಲ ಒಲೆ ತರಲೇಬೇಡಿ. ಕಂಬಳಿ ಇನ್ನೊಂದು ಕೇಳಿದರೆ ಯಾರೂ ಬೈಯೋದಿಲ್ಲ.

ಬಂಡೀಪುರದ ದಾರಿಯಲ್ಲಿ ೨೦೦೯ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರಕ್ಕೆ ತಡೆ ಇದೆ. ಸಂಜೆಗೇ ಬಸ್ಸು ಹಿಡಿದು ಕಾಡು ದಾಟಿಬಿಡಿ. ರಾತ್ರಿ ಆ ರಸ್ತೆ ಹುಲಿಯದು. ಗೋಡೆಯ ಮೇಲಿನದಲ್ಲ, ನಡೆದಾಡುವುದು. ಅದು ಅಲ್ಲೇ ಚೆಂದ.