ಎಂಟನೇ ನಂಬರಿನ ಆಶೀರ್ವಾದ

ಧಾರೆ ಮುಗಿದು, ಅಕ್ಷತೆ ಇನ್ನೂ ಜಮಖಾನದ ಮೇಲೆ ಚೆಲ್ಲಾಡಿರುವಾಗಲೇ ಮೈಕಿನಲ್ಲಿ ತಂತಿಗಳನ್ನು ಓದುವ ರೂಢಿಯೊಂದಿತ್ತು. ಕುಣಿಗಲ್ ತಾಲ್ಲೂಕಿನ ನಮ್ಮ ಅಮೃತೂರು ಕಡೆ ಆ ಕೆಲಸ ಮೇಷ್ಟರ ಪಾಲಿಗೆ, ಇಂಗ್ಲಿಷ್ ಓದಬೇಕಲ್ಲ! ಬೊಂಬಾಯಿಯಿಂದ ಬಂದದ್ದೂ ತುಮಕೂರಿನಿಂದ ಬಂದದ್ದೂ ಅಕ್ಷರಶಃ ಒಂದೇ: ನಿಮ್ಮ ದಾಂಪತ್ಯ ದೀರ್ಘವೂ ಸುಖಮಯವೂ ಆಗಲಿ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೇಷ್ಟರು ಕಳಿಸಿದವರ ಹೆಸರಿಗಷ್ಟೇ ಕನ್ನಡಕ ಏರಿಸುತ್ತಿದ್ದರು.

ಕಳಿಸಿದ ಪುಣ್ಯಾತ್ಮರು ಬರೆದದ್ದು ಬರೀ 8. ಅಂಚೆ-ತಂತಿ ಇಲಾಖೆ ಶುಭಾಶಯಗಳಿಗೆಲ್ಲ ನಂಬರು ಹಾಕಿಟ್ಟಿತ್ತು: ದೀಪಾವಳಿಗೆ 1, ಈದ್‌ಗೆ 2, ಮದುವೆಗೆ 8. ಅದು ಸಪ್ಪೆ ಎನಿಸಿದವರಿಗೆ 16. ಅದರಲ್ಲಿ ಸ್ವರ್ಗದ ಆಶೀರ್ವಾದವೇ ವಧೂವರರ ಮೇಲೆ ಸುರಿಯುತ್ತಿತ್ತು. ಮೋರ್ಸ್ ಲಿಪಿಯಲ್ಲಿ 8 ಎಂದರೆ ಮೂರು ಗೀಟು, ಎರಡು ಚುಕ್ಕೆ. ಆ ತುದಿಯಲ್ಲಿ ಹಿತ್ತಾಳೆಯ ಸಲಾಕೆ ಕಟ್ ಎಂದು ಬಡಿದು, ಮತ್ತೆ ಕಟ್ ಎಂದು ಏಳುವ ನಡುವಿನ ಬಿಡುವಿನಲ್ಲೇ ಗುಮಾಸ್ತ ಗೀಟು ಯಾವುದು, ಚುಕ್ಕೆ ಯಾವುದು ಎಂದು ಹಿಡಿಯಬೇಕು. ಮೊದಲ ಚುಕ್ಕೆ ತುಸು ಎಳೆದುಕೊಂಡರೆ 8 ಹೋಗಿ 9. ವೈಶಾಖದ ಮದುವೆಗೆ ಕ್ರಿಸ್‌ಮಸ್ ಶುಭಾಶಯ!

ಎಲ್ಲಕ್ಕೂ ಮೂಲ ಕಾಸು. 1850ರಲ್ಲಿ ಓಶಾನೆಸಿ ಎಂಬಾತ ಕಲ್ಕತ್ತಾದಿಂದ ಡೈಮಂಡ್ ಹಾರ್ಬರಿಗೆ ತಂತಿ ಎಳೆದ ಮೇಲೆ ಅದು ದೇಶವೆಲ್ಲ ಹಬ್ಬಿತು, ಪದಗಳ ಲೆಕ್ಕದಲ್ಲಿ ದುಡ್ಡು ಕೊಡುವುದೂ ಹಬ್ಬಿತು. ದೊಡ್ಡ ವ್ಯಾಪಾರಿಗಳು ಎಬಿಸಿ ಕೋಡ್‌ನಂಥ ದಪ್ಪ ಪುಸ್ತಕ ಇಟ್ಟುಕೊಂಡು ಒಂದು ಪದದಲ್ಲಿ ಒಂದು ವಾಕ್ಯ ತುರುಕುತ್ತಿದ್ದರು.

ಆದರೆ ನಮ್ಮ ಜನರ ಸಂಕೇತ ಯಾವ ಪುಸ್ತಕದಲ್ಲೂ ಇರಲಿಲ್ಲ. ಜೀವ ಹೋಗಿದ್ದರೂ ತಂತಿಯಲ್ಲಿ ಹಾಗೆ ಬರೆಯುವವರು ಕಡಿಮೆ. 'ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ'. ದೂರದಲ್ಲಿರುವ ಮಗ ದಾರಿಯುದ್ದಕ್ಕೂ ಎದೆಯೊಡೆದುಕೊಳ್ಳದಿರಲಿ ಎಂಬ ಕಾಳಜಿ. ಮಗನಿಗೂ ಅದರ ಅರ್ಥ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು. ಅಂಚೆಯವನ ಸೈಕಲ್ಲು ನಿಂತ ಕೂಡಲೇ, ಲಕೋಟೆ ಒಡೆಯುವ ಮೊದಲೇ ಹೆಂಗಸರು ಅಳು ತೆಗೆಯುತ್ತಿದ್ದರು. ತೊಂದರೆಯೆಲ್ಲ ಅಪ್ಪನಿಗೆ ನಿಜವಾಗಿಯೂ ಬರೀ ಕಾಯಿಲೆಯಾದಾಗ. ಅದನ್ನು ಹೇಳಲು ಪದವೇ ಉಳಿದಿರಲಿಲ್ಲ. ತಲೆ ಬೋಳಿಸಿಕೊಳ್ಳಲು ಸಿದ್ಧನಾಗಿ ಬಂದ ಮಗನನ್ನು ಅಪ್ಪ ಜಗಲಿಯಲ್ಲಿ ಕೂತು ಎದುರುಗೊಂಡದ್ದುಂಟು.

2013ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ತಂತಿ ಸೇವೆ ನಿಲ್ಲಿಸಿತು. ಅಷ್ಟರಲ್ಲಿ 'ಮದರ್ ಸೀರಿಯಸ್' ರಜೆ ಗಿಟ್ಟಿಸುವ ಉಪಾಯವಾಗಿಯೂ ಸವೆದಿತ್ತು. ಅನುಭವಸ್ಥ ಸಾಹೇಬರು ತಂತಿಯನ್ನು ಬಿಡಿಸಿಯೂ ನೋಡದೆ, "ಎಷ್ಟು ದಿನ ಬೇಕಯ್ಯ?" ಎನ್ನುತ್ತಿದ್ದರು.